ಬಂಡೆಯ ಬಣ್ಣ, ಕಲ್ಲಿನ ಸುಣ್ಣ: ಚಿತ್ರದುರ್ಗದ ಒಂದು ಕಾಲುದಾರಿ ಬಳಗದ ಮೊದಲ ವರ್ಷಗಳು

ನಮ್ಮ ಕಾಲುದಾರಿ ಬಳಗ ಹುಟ್ಟಿದ್ದು ಯಾವಾಗ ಎಂದು ಕೇಳಿದರೆ ಬಳಗದೊಳಗೇ ಮೂರು ಬಗೆಯ ಉತ್ತರ ಸಿಗುತ್ತದೆ. 2020ರ ಲಾಕ್‌ಡೌನ್ ಸಡಿಲಗೊಂಡ ಮೇಲೆ ಚಂದ್ರವಳ್ಳಿ ಕೆರೆಯ ಕಡೆಗೆ ಬೆಳಗಿನ ವಾಕಿಂಗಿಗೆ ಬರುತ್ತಿದ್ದ ಏಳೆಂಟು ಮಂದಿ ಒಂದು ಭಾನುವಾರ ಮನೆಗೆ ಮರಳದೆ ಗುಡ್ಡದ ಕಡೆಗೆ ತಿರುಗಿಕೊಂಡೆವಲ್ಲ, ಅದೇ ಹುಟ್ಟಿದ ದಿನ ಎನ್ನುವವರು ಹೆಚ್ಚು. ಬಂಡೆಗಳಿಗೆ ನಾವೇ ಬಳಿದ ಬಣ್ಣವನ್ನು ನಾವೇ ಕೆರೆದು ತೆಗೆದ ದಿನ ಎನ್ನುವವರು ಕೆಲವರಿದ್ದಾರೆ. 2022ರ ಮಳೆಗೆ ದಾರಿ ಕೊಚ್ಚಿಹೋದ ಮೇಲೆ, ನಡೆಯುವುದಕ್ಕಲ್ಲದೆ ದುಡಿಯುವುದಕ್ಕೆಂದು ಹಾರೆ, ಚಲಿಕೆ ಹಿಡಿದು ಹೊರಟ ಬೆಳಗು ಎಂಬುದು ನನ್ನ ಉತ್ತರ. ಈ ಬರವಣಿಗೆ ಆ ಉತ್ತರಕ್ಕೆ ಕೊಡುತ್ತಿರುವ ವಿವರಣೆಯೂ ಹೌದು.

ಮೊದಲಿನಿಂದಲೂ ಬಳಗದ ದಿನಚರಿ ಪುಸ್ತಕವನ್ನು ನಾನೇ ಬರೆದುಕೊಂಡು ಬಂದಿರುವುದರಿಂದ ಇಲ್ಲಿ ಹೇಳುವ ಸಂಗತಿಗಳಿಗೆ ಆ ಪುಸ್ತಕವೇ ಆಧಾರ. ಜನರ ಹೆಸರು, ಹಳ್ಳಿಯ ಹೆಸರು, ಹೊಲದ ಸರ್ವೆ ನಂಬರುಗಳನ್ನು ಬೇಕೆಂದೇ ಬಿಟ್ಟಿದ್ದೇನೆ. ತಮ್ಮ ಹೊಲದ ಬದುವಿನ ಮೇಲೆ ಅಪರಿಚಿತರು ನಡೆಯಲು ಒಪ್ಪಿದ ರೈತರಿಗೆ ಅದರಿಂದ ಹೆಸರು ಬರುವುದಕ್ಕಿಂತ ತೊಂದರೆ ಬರುವ ಸಂಭವವೇ ಜಾಸ್ತಿ. ಹೀಗೆ ಸಣ್ಣ ಊರುಗಳಲ್ಲಿ ನಡಿಗೆಯ ಗುಂಪು ಕಟ್ಟಲು ಹೊರಟವರಿಗೆ ನಮ್ಮ ಮೊದಲ ನಾಲ್ಕು ವರ್ಷಗಳ ತಪ್ಪು ಒಪ್ಪುಗಳು ಪೂರ್ತಿಯಾಗಿ ಸಿಗಲಿ ಎಂಬುದಷ್ಟೇ ನನ್ನ ಉದ್ದೇಶ.

ದಾರಿ ಇರುವ ನೆಲ

ಚಿತ್ರದುರ್ಗ ಪಟ್ಟಣದ ದಕ್ಷಿಣಕ್ಕೆ ಹಬ್ಬಿಕೊಂಡಿರುವ ಜೋಗಿಮಟ್ಟಿಯ ಗುಡ್ಡಸಾಲಿನ ನೆತ್ತಿ ಸಮುದ್ರಮಟ್ಟದಿಂದ ಸುಮಾರು 3,800 ಅಡಿ ಎತ್ತರದಲ್ಲಿದೆ. ಸಾಲಿನ ಮೇಲೆ, ಊರಿನವರು ‘ಫ್ಯಾನು’ ಎಂದೇ ಕರೆಯುವ ಗಾಳಿಯಂತ್ರಗಳು ತಿರುಗುತ್ತಿರುತ್ತವೆ. ಈ ಕಾಡನ್ನು 2015ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಧಾಮದೊಳಗೆ ಕಾಲಿಡಬೇಕಾದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಪರವಾನಗಿ ಪಡೆಯಬೇಕು, ಮತ್ತು ಕರಡಿ, ಚಿರತೆಗಳು ಓಡಾಡುವ ಆ ಕುರುಚಲು ಕಾಡಿನಲ್ಲಿ ಅಂಥ ನಿಯಮ ಇರುವುದೇ ಸರಿ ಎಂದು ನಾವು ಮೊದಲ ತಿಂಗಳಲ್ಲೇ ಒಪ್ಪಿಕೊಂಡೆವು. ಹಾಗಾಗಿ ನಮ್ಮ ದಾರಿ ಅರಣ್ಯದ ಗಡಿಯ ಹೊರಗೇ ಉಳಿದಿದೆ. ಗುಡ್ಡದ ಬುಡದಲ್ಲಿ ಗೋಮಾಳ, ಹಳ್ಳದ ದಂಡೆ, ಶೇಂಗಾ ಮತ್ತು ರಾಗಿ ಹೊಲಗಳ ಬದು, ಒಂದೆರಡು ಕಡೆ ಬರಿಯ ಬಂಡೆಯ ಹಾಸು, ಇವುಗಳ ನಡುವೆ ಹಾದುಹೋಗುವ ಸುಮಾರು 6 ಕಿಲೋಮೀಟರಿನ ಕಾಲುದಾರಿ ಅದು.

ಈ ದಾರಿಯನ್ನು ನಾವು ಕಂಡುಹಿಡಿಯಲಿಲ್ಲ, ಮಾಡಲೂ ಇಲ್ಲ. ಹಟ್ಟಿಯ ಕುರಿಗಳು, ಸೌದೆಗೆ ಹೋಗುವ ಹೆಂಗಸರು, ಜಾತ್ರೆಯ ದಿನ ಗುಡ್ಡ ಬಳಸಿ ಬರುವ ಜನ, ಇವರೆಲ್ಲರ ಕಾಲು ಸವೆಸಿದ ದಾರಿಯದು. ಗ್ರಾಮ ನಕಾಶೆಯಲ್ಲಿ ಅದರ ಒಂದು ಭಾಗ ಚುಕ್ಕಿಗೆರೆಯ ಕಾಲುದಾರಿಯಾಗಿ ಕಾಣುತ್ತದೆ, ಉಳಿದದ್ದು ಯಾವ ಕಾಗದದಲ್ಲೂ ಇಲ್ಲ. ಇಷ್ಟು ಸರಳವಾದ ಸಂಗತಿಯನ್ನು ಮನಸ್ಸಿಗೆ ತಂದುಕೊಳ್ಳಲು ನಮಗೆ ಹತ್ತಿರ ಹತ್ತಿರ ಎರಡು ವರ್ಷ ಬೇಕಾಯಿತು. ಮೊದಲ ವರ್ಷದ ದಿನಚರಿಯಲ್ಲಿ ನಾನೇ ನಾಲ್ಕೈದು ಕಡೆ ‘ಹೊಸ ದಾರಿ ತೆರೆದೆವು’ ಎಂದು ಬರೆದಿದ್ದೇನೆ. ಆ ಮಾತುಗಳನ್ನು ಅಳಿಸಿಲ್ಲ, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಗೆರೆ ಎಳೆದಿಟ್ಟಿದ್ದೇನೆ.

ಬಣ್ಣ

ಮೊದಲ ವರ್ಷ ನಡಿಗೆಗೆ ಬರುವವರ ಸಂಖ್ಯೆ ಬೇಗ ಬೆಳೆಯಿತು. ಬರುವವರು ಹೆಚ್ಚಾದಂತೆ ದಾರಿ ತಪ್ಪುವವರೂ ಹೆಚ್ಚಾದರು. ಗುರುತು ಹಾಕಬೇಕು ಎಂಬ ಮಾತು ಬಂದಾಗ ನಮ್ಮಲ್ಲಿ ಕಿರಿಯನೊಬ್ಬ ಅಮೆರಿಕದ ಅಪಲೇಚಿಯನ್ ದಾರಿಯ ಚಿತ್ರಗಳನ್ನು ಮೊಬೈಲಿನಲ್ಲಿ ತೋರಿಸಿದ. ಸುಮಾರು 3,500 ಕಿಲೋಮೀಟರ್ ಉದ್ದದ ಆ ದಾರಿಯುದ್ದಕ್ಕೂ ಮರಗಳ ಮೇಲೆ ಎರಡು ಇಂಚು ಅಗಲ, ಆರು ಇಂಚು ಎತ್ತರದ ಬಿಳಿ ಪಟ್ಟೆಗಳಿವೆ. ನಮ್ಮ ದಾರಿಯಲ್ಲಿ ಪಟ್ಟೆ ಬಳಿಯುವಷ್ಟು ದಪ್ಪದ ಮರಗಳೇ ಇಲ್ಲ. ಇರುವುದು ಕಾರೆ, ಬಂದರಿಕೆ, ಸೀತಾಫಲದ ಪೊದೆಗಳು ಮತ್ತು ಬಂಡೆಗಳು. ಆದ್ದರಿಂದ ಬಂಡೆಗೇ ಬಳಿಯೋಣ ಎಂದಾಯಿತು. ಹಾರ್ಡ್‌ವೇರ್ ಅಂಗಡಿಯಿಂದ ಎರಡು ಡಬ್ಬಿ ಕೆಂಪು ಎನಾಮಲ್ ಪೇಂಟು ತಂದು, ಒಂದೇ ಬೆಳಗಿನಲ್ಲಿ ಮೂವತ್ತೊಂದು ಬಾಣದ ಗುರುತು ಹಾಕಿ ಮುಗಿಸಿದೆವು. ಆ ದಿನ ಎಲ್ಲರಿಗೂ ಬಹಳ ಸಂತೋಷವಾಗಿತ್ತು.

ಮುಂದಿನ ಭಾನುವಾರ ಹಟ್ಟಿಯ ಅಜ್ಜ ಒಬ್ಬರು ಕುರಿ ಬಿಟ್ಟುಕೊಂಡು ಎದುರಾದರು. ನಾವು ನಿಂತು ಮಾತಾಡಿಸಿದೆವು. ಅವರು ಬಂಡೆಯತ್ತ ಕೋಲು ತೋರಿಸಿ, “ಇದ್ಯಾರಿಗ್ ಬಳ್ದೀರಪ್ಪ? ನಮಗೆ ದಾರಿ ಗೊತ್ತೈತೆ. ಗೊತ್ತಿಲ್ದೋರು ಕೇಳ್ಕೊಂಡ್ ಬರ್ಲಿ,” ಎಂದು ಹೇಳಿ ಮುಂದೆ ಹೋದರು. ಸಿಟ್ಟಿನಿಂದ ಹೇಳಿದ ಮಾತಲ್ಲ ಅದು, ಆದರೂ ನಮ್ಮಲ್ಲಿ ಯಾರೂ ಅದಕ್ಕೆ ಉತ್ತರ ಕೊಡಲಾಗಲಿಲ್ಲ.

ಉತ್ತರ ಕೊಡುವ ಬದಲು ಪ್ರಶ್ನೆಯನ್ನು ಇನ್ನಷ್ಟು ದೊಡ್ಡದು ಮಾಡಿದವರು ನಮ್ಮೊಡನೆ ನಡೆಯುತ್ತಿದ್ದ ನಿವೃತ್ತ ಇತಿಹಾಸ ಮೇಷ್ಟ್ರು. ಅವರು ನಮ್ಮನ್ನೆಲ್ಲ ಕರೆದುಕೊಂಡು ಹೋಗಿ ಚಂದ್ರವಳ್ಳಿಯ ಭೈರವೇಶ್ವರ ಗುಡಿಯ ಪಕ್ಕದ ಬಂಡೆಯ ಮುಂದೆ ನಿಲ್ಲಿಸಿದರು. ಕದಂಬರ ಮಯೂರಶರ್ಮನ ಪ್ರಾಕೃತ ಶಾಸನ ಇರುವ ಬಂಡೆ ಅದು. ಕ್ರಿಸ್ತಶಕ ನಾಲ್ಕನೆಯ ಶತಮಾನದ ಆ ಶಾಸನ ಅವನು ಮಾಡಿಸಿದ ಕೆರೆಯ ಕೆಲಸವನ್ನು ಹೇಳುತ್ತದೆ. 1929ರಲ್ಲಿ ಪುರಾತತ್ವಜ್ಞ ಎಂ. ಎಚ್. ಕೃಷ್ಣ ಅವರು ಅದನ್ನು ಓದಿ ಹೊರತಂದರು. ಮುಂದೆ 1947ರಲ್ಲಿ ಇನ್ನೊಬ್ಬ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಇದೇ ಜಿಲ್ಲೆಯ ಬ್ರಹ್ಮಗಿರಿಯ ಜೊತೆಗೆ ಚಂದ್ರವಳ್ಳಿಯಲ್ಲೂ ಅಗೆಸಿದರು. ಶಾಸನದ ಅಕ್ಷರಗಳು ಎಷ್ಟು ತೆಳುವಾಗಿವೆ ಎಂದರೆ, ಬಿಸಿಲು ಓರೆಯಾಗಿ ಬೀಳದ ಹೊತ್ತಿನಲ್ಲಿ ನೋಡಿದವರಿಗೆ ಅಲ್ಲಿ ಬರವಣಿಗೆ ಇದೆಯೆಂಬುದೇ ಗೊತ್ತಾಗುವುದಿಲ್ಲ. ಮೇಷ್ಟ್ರು ಕೇಳಿದ್ದು ಒಂದೇ ಪ್ರಶ್ನೆ: “ನೀವು ಬಳಿದ ಮೂವತ್ತೊಂದು ಬಂಡೆಗಳಲ್ಲಿ ಬಳಿಯುವ ಮುಂಚೆ ಎಷ್ಟನ್ನು ಹೀಗೆ ಕಣ್ಣಿಟ್ಟು ನೋಡಿದ್ದಿರಿ?” ನಾವು ಬಳಿದ ಜಾಗ ಸಂರಕ್ಷಿತ ಪ್ರದೇಶದ ಹೊರಗಿತ್ತು, ಕಾನೂನಿನ ತೊಡಕೇನೂ ಇರಲಿಲ್ಲ. ಆದರೆ ಒಂದು ಬಂಡೆಯನ್ನೂ ನಾವು ನೋಡಿರಲಿಲ್ಲ ಎಂಬುದು ನಿಜ.

ಬಣ್ಣ ತೆಗೆಯಲು ಮೂರು ಭಾನುವಾರ ಹಿಡಿಯಿತು. ಬಳಿಯುವುದಕ್ಕೆ ಎರಡು ನಿಮಿಷ ಸಾಕಾಗಿದ್ದ ಒಂದು ಬಾಣವನ್ನು ಥಿನ್ನರ್ ಹಚ್ಚಿ, ತಂತಿ ಬ್ರಷ್ಷಿನಿಂದ ಉಜ್ಜಿ ತೆಗೆಯಲು ಮುಕ್ಕಾಲು ಗಂಟೆ ಬೇಕಾಗುತ್ತಿತ್ತು. ಕಲ್ಲಿನ ಮೈ ದೂರಕ್ಕೆ ನುಣುಪಾಗಿ ಕಂಡರೂ ಹತ್ತಿರದಲ್ಲಿ ಅದು ಕಾಳುಕಾಳಾಗಿ ಹರಳುಗಟ್ಟಿದ್ದು, ಬಣ್ಣ ಆ ಹರಳುಗಳ ಸಂದಿಯಲ್ಲಿ ಇಳಿದು ಕೂತಿತ್ತು. ಮೇಲಿನದು ಹೋದರೂ ಒಂದು ಕೆಂಪು ನೆರಳು ಉಳಿಯುತ್ತಿತ್ತು. ಇನ್ನೂ ಗಟ್ಟಿಯಾಗಿ ಉಜ್ಜೋಣವೆಂದರೆ ಬಂಡೆಯ ಮೇಲೆ ಕಾವಿಯಂತೆ, ಬೂದಿಯಂತೆ ಹಬ್ಬಿರುವ ಕಲ್ಲುಹೂವು ಕಿತ್ತು ಬರುತ್ತಿತ್ತು. ಅದು ಮತ್ತೆ ಹಬ್ಬಲು ಎಷ್ಟೋ ವರ್ಷ ಬೇಕೆಂದು ಮೇಷ್ಟ್ರು ತಡೆದರು. ಈಗಲೂ ಏಳೆಂಟು ಕಡೆ ಆ ನೆರಳಿದೆ. ಹೊಸದಾಗಿ ಸೇರಿದವರಿಗೆ ನಾವು ಮೊದಲು ತೋರಿಸುವುದು ಅದನ್ನೇ.

ಆಮೇಲೆ ಗುರುತಿಗೆ ಏನು ಮಾಡಬೇಕು ಎಂಬ ಚರ್ಚೆ ಬಹಳ ದಿನ ನಡೆಯಿತು. ಕೊಂಡಜ್ಜಿಯ ಸ್ಕೌಟ್ ಶಿಬಿರದಲ್ಲಿ ಚಿಕ್ಕಂದಿನಲ್ಲಿ ಕಲಿತಿದ್ದ ಒಬ್ಬರು, ಅಲ್ಲೇ ಬಿದ್ದಿರುವ ಕಲ್ಲು, ಕಡ್ಡಿಗಳಿಂದಲೇ ದಾರಿಯ ಸನ್ನೆ ಮಾಡುವ ಕ್ರಮವನ್ನು ನೆನಪಿಸಿದರು. ಅದಕ್ಕೆ ನಮ್ಮ ಕಡೆಯ ಒಂದು ರೂಢಿಯನ್ನು ಸೇರಿಸಿಕೊಂಡೆವು. ದಾರಿ ಕವಲೊಡೆಯುವ ಜಾಗದಲ್ಲಿ ಮಾತ್ರ, ಬಿಡಿಬಿಡಿಯಾಗಿ ಬಿದ್ದಿರುವ ತೆಂಗಿನಕಾಯಿ ಗಾತ್ರದ ಮೂರು ಕಲ್ಲು ಆಯ್ದು ಜೋಡಿಸಿ ಅವಕ್ಕೆ ಸುಣ್ಣ ಬಳಿಯುತ್ತೇವೆ. ಸುಣ್ಣದ ಕಲ್ಲನ್ನು ಹಿಂದಿನ ರಾತ್ರಿಯೇ ಬಕೆಟ್ಟಿನಲ್ಲಿ ಅರಳಿಸಿಟ್ಟು, ಹಿಡಿತಕ್ಕೆ ಒಂದು ಹಿಡಿ ಉಪ್ಪು ಹಾಕಿಕೊಂಡು ಹೋದರೆ ಇಡೀ ದಾರಿಗೆ ಒಂದು ಬಕೆಟ್ಟು ಸಾಲುತ್ತದೆ. ಒಂದು ಮಳೆಗಾಲಕ್ಕೆ ಅದು ತೊಳೆದುಹೋಗುತ್ತದೆ. ತೊಳೆದುಹೋಗುವುದೇ ಅದರ ಗುಣ ಎಂದು ನನಗೆ ಆಮೇಲೆ ಹೊಳೆಯಿತು: ವರ್ಷಕ್ಕೊಮ್ಮೆ ಯಾರಾದರೂ ಬಂದು ಬಳಿಯದೆ ಹೋದರೆ ದಾರಿ ತನ್ನಷ್ಟಕ್ಕೆ ತಾನು ಕುರಿಗಾಹಿಗಳಿಗೆ ಮರಳುತ್ತದೆ, ಬಂಡೆಗೆ ಯಾವ ಕಲೆಯೂ ಉಳಿಯುವುದಿಲ್ಲ.

ಬೇಲಿ

ಎರಡನೆಯ ವರ್ಷದ ಸೆಪ್ಟೆಂಬರಿನಲ್ಲಿ ಯಾರೋ ಮಾಡಿದ ಒಂದು ಮೊಬೈಲ್ ವಿಡಿಯೋ ಹರಿದಾಡಿ, ಒಂದು ಭಾನುವಾರ ನಮ್ಮ ನಡಿಗೆಗೆ ಎಪ್ಪತ್ತಕ್ಕೂ ಹೆಚ್ಚು ಜನ ಬಂದುಬಿಟ್ಟರು. ಬೇಡವೆನ್ನಲು ನಮಗೆ ಧೈರ್ಯ ಬರಲಿಲ್ಲ. ಬದುವಿನ ಮೇಲೆ ಒಬ್ಬರ ಹಿಂದೊಬ್ಬರು ನಡೆಯಬೇಕಾದ ಕಡೆ ಮೂವರು ನಾಲ್ವರು ಸಾಲಾಗಿ ನಡೆದರು, ಅಂದರೆ ಇಬ್ಬರು ಹೊಲದೊಳಗೆ ನಡೆದರು. ಶೇಂಗಾ ಗಿಡದ ಹೂವು ಉದುರಿದ ಮೇಲೆ ಅದರ ಎಳೆ ಭೂಮಿಯೊಳಗೆ ಇಳಿದು ಕಾಯಿ ಕಟ್ಟುತ್ತದೆ. ಆ ಹೊತ್ತಿನಲ್ಲಿ ಮಣ್ಣು ತುಳಿತಕ್ಕೆ ಸಿಕ್ಕಿ ಗಟ್ಟಿಯಾದರೆ, ಎಳೆ ಮುರಿದರೆ, ಮೇಲೆ ಗಿಡ ಹಸಿರಾಗಿಯೇ ಕಂಡರೂ ಕಿತ್ತಾಗ ಕಾಯಿ ಇರುವುದಿಲ್ಲ. ಚಳ್ಳಕೆರೆಯಂಥ ಎಣ್ಣೆ ಪೇಟೆ ಇರುವ ಜಿಲ್ಲೆಯಲ್ಲಿ ಹುಟ್ಟಿ ಬೆಳೆದ ನಮಗೆ ಇದು ಗೊತ್ತಿರಬೇಕಿತ್ತು. ಪಟ್ಟಣದೊಳಗೆ ಬೆಳೆದ ಹೆಚ್ಚಿನವರಿಗೆ ಗೊತ್ತಿರಲಿಲ್ಲ.

ಮುಂದಿನ ವಾರ ಹೋಗಿ ನೋಡಿದರೆ ಹೊಲದ ಮೂಲೆಯಲ್ಲಿ ಜಾಲಿಮುಳ್ಳಿನ ಬೇಲಿ ಬಿದ್ದಿತ್ತು. ನಮ್ಮ ನಡುವೆ ನಿಜವಾದ ಭಿನ್ನಾಭಿಪ್ರಾಯ ಹುಟ್ಟಿದ್ದು ಆ ಬೇಲಿಯ ಎದುರು. ನಮ್ಮಲ್ಲಿದ್ದ ವಕೀಲರು 1882ರ ಅನುಭೋಗದ ಹಕ್ಕುಗಳ ಕಾಯ್ದೆಯ ಮಾತು ತೆಗೆದರು. ಇಪ್ಪತ್ತು ವರ್ಷ ಅಡೆತಡೆಯಿಲ್ಲದೆ, ಹಕ್ಕೆಂದು ತಿಳಿದು, ಬಹಿರಂಗವಾಗಿ ಬಳಸಿಕೊಂಡು ಬಂದ ದಾರಿಯ ಮೇಲೆ ಹಕ್ಕು ಸ್ಥಾಪನೆಯಾಗುತ್ತದೆ, ಹಟ್ಟಿಯವರು ಅದಕ್ಕಿಂತ ಎಷ್ಟೋ ಹೆಚ್ಚು ಕಾಲದಿಂದ ಓಡಾಡಿದ್ದಾರೆ, ಅವರಿಂದ ಹೇಳಿಕೆ ಪಡೆದರೆ ಬೇಲಿ ತೆಗೆಸಬಹುದು ಎಂಬುದು ಅವರ ವಾದ. ಕಾಯ್ದೆಯ ಮಾತು ಸರಿಯೇ ಇತ್ತು. ಆದರೆ ಆ ಹಕ್ಕು ಇದ್ದರೆ ಅದು ಹಟ್ಟಿಯವರದು, ನಿನ್ನೆ ಮೊನ್ನೆ ಬೂಟು ಹಾಕಿಕೊಂಡು ಬಂದ ನಮ್ಮದಲ್ಲ. ಅವರ ಹಕ್ಕನ್ನು ಮುಂದೆ ಮಾಡಿಕೊಂಡು ನಮ್ಮ ಭಾನುವಾರದ ಸಂತೋಷ ಸಾಧಿಸಿಕೊಳ್ಳುವುದು ನನಗೆ ಸರಿಕಾಣಲಿಲ್ಲ, ಈಗಲೂ ಸರಿಕಾಣುವುದಿಲ್ಲ. ಮೇಲಾಗಿ ಕುರಿಗಳಿಗೆ ಆ ಬೇಲಿಯಿಂದ ತೊಂದರೆಯೇ ಆಗಿರಲಿಲ್ಲ. ಅಜ್ಜ ಬರುವಾಗ ಹೊಲದ ಯಜಮಾನರೇ ಮುಳ್ಳು ಸರಿಸಿ ಬಿಡುತ್ತಿದ್ದರೆಂದು ಆಮೇಲೆ ತಿಳಿಯಿತು.

ಈ ವಿಷಯದಲ್ಲಿ ನಮಗೆ ನೆರವಿಗೆ ಬಂದದ್ದು ಕೆನಡಾದ ಒಂಟಾರಿಯೋ ಪ್ರಾಂತ್ಯದ ಬ್ರೂಸ್ ಟ್ರೇಲ್ ಎಂಬ ದಾರಿಯ ಕಥೆ. 1960ರಲ್ಲಿ ರೇ ಲೋವ್ಸ್ ಎಂಬುವರ ಮನಸ್ಸಿನಲ್ಲಿ ಹುಟ್ಟಿ, ನಾಲ್ವರು ಕೂತು ಮಾತಾಡಿ ಶುರುಮಾಡಿದ ಆ ದಾರಿ 1967ರಲ್ಲಿ ಪೂರ್ತಿಯಾಗಿ ತೆರೆಯಿತು. ಇಂದು ಅದರ ಮುಖ್ಯ ದಾರಿಯೇ ಸುಮಾರು 900 ಕಿಲೋಮೀಟರ್ ಇದೆ. ಅದು ಹಾದುಹೋಗುವ ನೆಲದಲ್ಲಿ ಬಹುಪಾಲು ರೈತರ ಖಾಸಗಿ ಜಮೀನಾಗಿದ್ದರಿಂದ ಸ್ವಯಂಸೇವಕರು ಮನೆಮನೆಗೆ ಹೋಗಿ ಬಾಗಿಲು ತಟ್ಟಿ, ಕೈಕುಲುಕಿ, ಬರಿ ಬಾಯಿಮಾತಿನ ಒಪ್ಪಿಗೆ ಪಡೆದರು. ಬಾಯಿಮಾತಿನ ಒಪ್ಪಿಗೆಯ ತೊಡಕೂ ಅದೇ ಕಥೆಯಲ್ಲಿದೆ: ಜಮೀನು ಕೈಬದಲಾದ ಕಡೆ, ನಡೆಯುವವರ ನಡತೆ ಕೆಟ್ಟ ಕಡೆ ಒಪ್ಪಿಗೆ ಹಿಂದಕ್ಕೆ ಹೋಯಿತು, ದಾರಿಯನ್ನು ಡಾಂಬರು ರಸ್ತೆಯ ಮೇಲೆ ಸುತ್ತುಹಾಕಿಸಬೇಕಾಯಿತು. ಅಂದರೆ ಒಪ್ಪಿಗೆಯನ್ನು ಒಂದು ಸಲ ಕೇಳಿದರೆ ಸಾಲದು, ಅದನ್ನು ಕಾಪಾಡಿಕೊಳ್ಳಬೇಕು. ನಮ್ಮ ಬೇಲಿಯ ಮುಂದೆ ನಿಂತು ಯೋಚಿಸುವವರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿರಲಿಲ್ಲ.

ನಾವು ಐದು ಜನ ಒಂದು ಸಂಜೆ ಯಜಮಾನರ ಮನೆಗೆ ಹೋದೆವು. ಕಟ್ಟೆಯ ಮೇಲೆ ಕೂರಿಸಿ ನೀರು ಕೊಟ್ಟರು. ತಪ್ಪಾಯಿತು ಎಂದು ಮೇಷ್ಟ್ರು ಹೇಳಿದರು. ನಷ್ಟಕ್ಕೆ ಹಣ ಕೊಡುವ ಮಾತೆತ್ತಿದಾಗ ಯಜಮಾನರು ಬೇಡವೆಂದು ತಲೆ ಅಲ್ಲಾಡಿಸಿದರು. ಮಾತು ಆಡಿದ್ದು ಹೆಚ್ಚಾಗಿ ಒಳಗಿನಿಂದ ಬಂದ ಅಮ್ಮ. “ಹೂವಾದ ಮ್ಯಾಲೆ ಕಾಯಿ ಕೀಳೋ ತನಕ ಬರಬ್ಯಾಡ್ರಿ. ಕಾಯಿ ಕಿತ್ತ ಮ್ಯಾಲೆ ಬರ್ರಿ, ಯಾರು ಬ್ಯಾಡಂತಾರೆ? ಬರೋರು ಇಪ್ಪತ್ತು ಜನ ಬರ್ರಿ, ದಿಬ್ಬಣ ಬಂದಂಗೆ ಬರಬ್ಯಾಡ್ರಿ,” ಎಂದರು. ಬಳಗದ ಮೊದಲ ನಿಯಮಾವಳಿ ಎಂದು ದಿನಚರಿಯಲ್ಲಿ ದಾಖಲಾಗಿರುವುದು ಈ ಮೂರು ಮಾತುಗಳೇ. ಅವನ್ನು ನಾವು ಈವರೆಗೆ ತಿದ್ದಿಲ್ಲ. ಶೇಂಗಾ ಹೊಲದಲ್ಲಿದ್ದ ವರ್ಷ ಆಗಸ್ಟಿನಿಂದ ಕಟಾವು ಮುಗಿಯುವವರೆಗೆ ಆ ಭಾಗದಲ್ಲಿ ನಡಿಗೆ ಇಲ್ಲ. ರಾಗಿ ಹಾಕಿದ ವರ್ಷ ಮತ್ತೆ ಹೋಗಿ ಕೇಳುತ್ತೇವೆ.

ಸಂಖ್ಯೆಯನ್ನು ಇಪ್ಪತ್ತಕ್ಕೆ ಇಳಿಸಿದ್ದರಿಂದ ಬಳಗ ಬಿಟ್ಟು ಹೋದವರೂ ಇದ್ದಾರೆ. ಅವರ ಬೇಸರ ನನಗೆ ಅರ್ಥವಾಗುತ್ತದೆ. ಆದರೆ 2024ರ ಆರಂಭದಲ್ಲಿ ಕುಮಾರಪರ್ವತದಲ್ಲಿ ಒಮ್ಮೆಗೇ ಸಾವಿರಾರು ಜನ ನೆರೆದು, ಅರಣ್ಯ ಇಲಾಖೆ ಆನ್‌ಲೈನ್ ನೋಂದಣಿ ಮತ್ತು ಸಂಖ್ಯೆಯ ಮಿತಿ ತರಬೇಕಾಗಿ ಬಂದ ಸುದ್ದಿ ಓದಿದಾಗ, ಯಜಮಾನರ ಮನೆಯ ಅಮ್ಮ ಆ ಮಾತನ್ನು ಎರಡು ವರ್ಷಕ್ಕೂ ಮುಂಚೆಯೇ ಹೇಳಿದ್ದರು ಎಂದು ಅನಿಸದೆ ಇರಲಿಲ್ಲ.

ನೀರು

2022ರ ಮಳೆಗಾಲವನ್ನು ಈ ಜಿಲ್ಲೆಯವರು ಮರೆಯುವುದಿಲ್ಲ. 1907ರಲ್ಲಿ ಕಟ್ಟಿ ಮುಗಿದ ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ಒಮ್ಮೆ ತುಂಬಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ನಂತರ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಗೆ ಹೊಂದಿಕೊಂಡ ನೆಲ ನಮ್ಮದು. ಕೋಡಿ ನೋಡಲು ಊರಿಗೆ ಊರೇ ಹೊರಟ ಆ ದಿನಗಳಲ್ಲಿ ನಮ್ಮ ದಾರಿಯ ಕಡೆ ಯಾರೂ ಹೋಗಿರಲಿಲ್ಲ. ಮಳೆ ಬಿಟ್ಟ ಮೇಲೆ ಹೋಗಿ ನೋಡಿದರೆ ಗೋಮಾಳದ ಇಳಿಜಾರಿನಲ್ಲಿ ಸುಮಾರು ಇನ್ನೂರು ಹೆಜ್ಜೆ ಉದ್ದಕ್ಕೆ ದಾರಿ ಇದ್ದ ಜಾಗದಲ್ಲಿ ಮೊಣಕಾಲುದ್ದದ ಕೊರಕಲು ಬಿದ್ದಿತ್ತು. ಕೆಂಪುಮಣ್ಣು ಕೊಚ್ಚಿಹೋಗಿ ಕೆಳಗಿನ ಗರಸು ಕಲ್ಲು ಬಾಯಿಬಿಟ್ಟಿತ್ತು. ಅಕ್ಕಪಕ್ಕದ ಹುಲ್ಲು ಹಾಗೆಯೇ ನಿಂತಿತ್ತು. ಕೊಚ್ಚಿದ್ದು ನಾವು ತುಳಿದ ಗೆರೆಯನ್ನು ಮಾತ್ರ. ಕುರಿಗಳು ಇಳಿಜಾರನ್ನು ಎಂದೂ ನೇರವಾಗಿ ಇಳಿಯುವುದಿಲ್ಲ, ಓರೆಯಾಗಿ ಹರಡಿಕೊಂಡು ಇಳಿಯುತ್ತವೆ. ಎರಡು ವರ್ಷ ಪ್ರತಿ ಭಾನುವಾರ ಹತ್ತಿರದ ದಾರಿಯೆಂದು ನೆಟ್ಟಗೆ ಇಳಿದು ನೀರಿಗೆ ಕಾಲುವೆ ತೋಡಿಕೊಟ್ಟವರು ನಾವೇ.

ಇಲ್ಲಿ ಬಳಗ ಎರಡಾಗುವ ಸ್ಥಿತಿ ಬಂತು. ಬೇರೆ ಗುಡ್ಡಕ್ಕೆ ಹೋಗೋಣ, ಜಿಲ್ಲೆಯಲ್ಲಿ ಗುಡ್ಡಗಳಿಗೇನು ಬರ ಎಂದು ಒಂದು ಗುಂಪು ಹೇಳಿತು. ಹಾಳು ಮಾಡಿದವರೇ ಸರಿಮಾಡಬೇಕು ಎಂದು ಇನ್ನೊಂದು ಗುಂಪು ಹೇಳಿತು. ಮತ ಹಾಕಲಿಲ್ಲ. ಮುಂದಿನ ಭಾನುವಾರ ಬೆಳಗ್ಗೆ ಆರು ಗಂಟೆಗೆ ಹನ್ನೊಂದು ಜನ ಎರಡು ಹಾರೆ, ಮೂರು ಚಲಿಕೆ, ಒಂದು ಪಿಕಾಸಿ, ನಾಲ್ಕು ಮಂಕರಿ ಹಿಡಿದು ಬಂದರು. ಬರದವರು ಬರಲಿಲ್ಲ. ನಡಿಗೆಯ ದಿನ ಹಾಜರಿ ಬರೆಯುತ್ತಿದ್ದ ನಾನು ಅಂದಿನಿಂದ ಪುಸ್ತಕದಲ್ಲಿ ಇನ್ನೊಂದು ಕಾಲಂ ಎಳೆದು ‘ಕೆಲಸ’ ಎಂದು ಬರೆದೆ. ಒಂದು ವರ್ಷ ಕಳೆದ ಮೇಲೆ ಆ ಎರಡು ಕಾಲಂಗಳನ್ನು ಹೋಲಿಸಿದಾಗ, ಬಳಗದಲ್ಲಿ ಉಳಿದವರ ಹೆಸರೆಲ್ಲ ಎರಡನೆಯ ಕಾಲಂನಲ್ಲಿತ್ತು. ಹುಟ್ಟಿದ ದಿನದ ಬಗ್ಗೆ ನನ್ನ ಉತ್ತರ ಬೇರೆಯಾಗಿರುವುದು ಈ ಕಾರಣಕ್ಕೆ.

ಮೊದಲ ಕೆಲಸ ಕೆಟ್ಟಿತು. ದಾರಿಗೆ ಅಡ್ಡಲಾಗಿ, ನೆಟ್ಟಗೆ, ಕಲ್ಲಿನ ಸಾಲುಗಳನ್ನು ಮಣ್ಣಿನ ಮೇಲೆ ಇಟ್ಟೆವು, ನೀರು ತಡೆಯುತ್ತದೆ ಎಂದುಕೊಂಡು. ಅಕ್ಟೋಬರಿನ ಒಂದೇ ಮಳೆಗೆ ಕಲ್ಲಿನ ಹಿಂದೆ ಮಣ್ಣು ತುಂಬಿ, ನೀರು ಮೇಲಿನಿಂದ ಹಾರಿ ಧುಮುಕಿ ಕೆಳಗೆ ಇನ್ನೂ ಆಳವಾದ ಗುಂಡಿ ತೋಡಿತು. ಎರಡು ಸಾಲು ಕಲ್ಲು ಉರುಳಿಕೊಂಡು ಹೋದವು. ಅದನ್ನು ನೋಡಿದ ಯಜಮಾನರು, ಹೌದು, ಬೇಲಿ ಹಾಕಿದ ಅದೇ ಯಜಮಾನರು, ಜಲಾನಯನ ಕಾಮಗಾರಿಯ ಗೋಡೆಗಳ ಮೇಲೆ ಬರೆದಿರುತ್ತಿದ್ದ ಮಾತನ್ನು ನೆನಪಿಸಿದರು: ಓಡುವ ನೀರನ್ನು ನಡೆಸಬೇಕು, ನಡೆಯುವ ನೀರನ್ನು ನಿಲ್ಲಿಸಬೇಕು, ನಿಂತ ನೀರನ್ನು ಇಂಗಿಸಬೇಕು. “ನೀವು ಓಡೋ ನೀರನ್ನ ಒಂದೇ ಏಟಿಗೆ ನಿಲ್ಲಿಸಾಕೆ ಹೋದ್ರಿ,” ಎಂದು ಹೇಳಿ ಅವರೇ ಹಾರೆ ತೆಗೆದುಕೊಂಡು ತೋರಿಸಿದರು.

ಅವರು ತೋರಿಸಿದ್ದು ಹೀಗೆ. ಕಲ್ಲಿನ ಸಾಲು ದಾರಿಗೆ ಓರೆಯಾಗಿ, ಕೆಳತುದಿ ಹುಲ್ಲಿನ ಕಡೆಗೆ ತಿರುಗಿರುವಂತೆ ಬರಬೇಕು. ಮೊದಲು ಒಂದು ಮೊಳ ಆಳದ ಸಾಲು ತೆಗೆದು, ಕಲ್ಲಿನ ಮೂರರಲ್ಲಿ ಎರಡು ಭಾಗ ಮಣ್ಣೊಳಗೆ ಹೂತು, ಒಂದು ಭಾಗ ಮಾತ್ರ ಮೇಲೆ ಬಿಡಬೇಕು. ಚಪ್ಪಟೆ ಕಲ್ಲನ್ನು ಮಲಗಿಸಬಾರದು, ಅಂಚಿನ ಮೇಲೆ ನಿಲ್ಲಿಸಬೇಕು. ಒಂದಕ್ಕೊಂದು ಕಚ್ಚಿಕೊಳ್ಳುವಂತೆ ಕೂರಿಸಿ, ಸಂದಿಗೆ ಚಕ್ಕೆ ಬಡಿದು, ಮೇಲಿನ ಕಡೆಯಿಂದ ಮಣ್ಣು ಒತ್ತಿ ತುಳಿಯಬೇಕು. ಕೆಳತುದಿಯಲ್ಲಿ ನೀರು ಹೊರಬೀಳುವ ಜಾಗಕ್ಕೆ ನಾಲ್ಕು ಮಂಕರಿ ಜಲ್ಲಿಗಲ್ಲು ಹಾಸಬೇಕು, ಇಲ್ಲದಿದ್ದರೆ ಅಲ್ಲೇ ಹೊಸ ಕೊರಕಲು ಶುರುವಾಗುತ್ತದೆ. ಕಡಿದಾದ ಕಡೆ ಹತ್ತು ಹೆಜ್ಜೆಗೊಂದು, ಇಳಿಜಾರು ಕಮ್ಮಿಯಿದ್ದ ಕಡೆ ಇಪ್ಪತ್ತು ಇಪ್ಪತ್ತೈದು ಹೆಜ್ಜೆಗೊಂದು. ಕಲ್ಲು ಸರಿಯಾಗಿ ಕೂತಿದೆಯೇ ಎಂದು ನೋಡಲು ಯಜಮಾನರು ಅದರ ಮೇಲೆ ನಿಂತು ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಿದ್ದರು. ಕಲ್ಲು ಕೂದಲೆಳೆಯಷ್ಟು ಅಲುಗಿದರೂ ಕಿತ್ತು ಮತ್ತೆ ಕೂರಿಸಬೇಕು. ಹೀಗೆ ಒಂದು ಸಾಲು ಮುಗಿಸಲು ನಾಲ್ಕು ಜನಕ್ಕೆ ಒಂದು ಬೆಳಗು ಹಿಡಿಯುತ್ತದೆ. ಹದಿನಾಲ್ಕು ಸಾಲು ಮುಗಿಯುವ ಹೊತ್ತಿಗೆ ಮುಂದಿನ ಬೇಸಿಗೆ ಬಂದಿತ್ತು. ಇವುಗಳಲ್ಲಿ ಹನ್ನೆರಡು ಇಂದಿಗೂ ನಿಂತಿವೆ. ಎರಡನ್ನು ದನಗಳು ಕೆಡವಿದ್ದರಿಂದ ಮತ್ತೆ ಕಟ್ಟಿದೆವು.

ಬೆಂಕಿಗೆರೆ ಮತ್ತು ನಡಿಗೆ

ಅರಣ್ಯ ಇಲಾಖೆಯೊಡನೆ ನಮ್ಮ ಸಂಬಂಧದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಾದೆ ಹುಲ್ಲು ಒಣಗುವ ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಗಡಿಯ ಬೆಂಕಿಗೆರೆಯ (ಬೆಂಕಿ ಹಬ್ಬದಂತೆ ಹುಲ್ಲು ತೆಗೆದಿಡುವ ಪಟ್ಟಿ) ಬಳಿ ಎರಡು ಬೇಸಿಗೆ ಹುಲ್ಲು ಕೊಯ್ಯಲು ಕೈಜೋಡಿಸಿದ್ದೇವೆ, ಅಷ್ಟೆ. ಆದರೆ ಬೆಂಕಿಗೆರೆಯನ್ನೇ ನಡಿಗೆಯ ದಾರಿ ಮಾಡಬಹುದಲ್ಲವೇ ಎಂಬ ಪ್ರಶ್ನೆ ಪ್ರತಿ ವರ್ಷ ಏಳುತ್ತದೆ. ಅದಕ್ಕೆ ಉತ್ತರ ಹುಡುಕುತ್ತಾ ಅಮೆರಿಕದ ವರ್ಮಾಂಟ್ ರಾಜ್ಯದ ಗ್ರೀನ್ ಮೌಂಟನ್ ಕ್ಲಬ್ಬಿನ ಮೊದಲ ವರ್ಷಗಳನ್ನು ಓದಿದೆ. 1910ರ ಮಾರ್ಚ್‌ನಲ್ಲಿ 23 ಜನ ಸೇರಿ ಕಟ್ಟಿದ ಆ ಕ್ಲಬ್ಬಿನ ‘ಲಾಂಗ್ ಟ್ರೇಲ್’ ಎಂಬ ದಾರಿ ಮುಗಿದದ್ದು 1930ರಲ್ಲಿ. ಆರಂಭದಲ್ಲಿ ಕೆಲವು ಭಾಗಗಳನ್ನು ಅಲ್ಲಿನ ಅರಣ್ಯ ಇಲಾಖೆ ಬೆಂಕಿ ಕಾವಲಿನ ಓಡಾಟಕ್ಕೆ ಅನುಕೂಲವಾಗುವಂತೆ ಕೆಳಗಿನ ಇಳಿಜಾರಿನಲ್ಲಿ ಕಡಿಯಿತು. ನಡೆಯುವವರಿಗೆ ಅದು ರುಚಿಸಲಿಲ್ಲ. ಪ್ರೊಫೆಸರ್ ವಿಲ್ ಮನ್ರೋ ಮತ್ತು ಅವರ ಸಂಗಡಿಗರು ಹೊಸದಾಗಿ ಬೆಟ್ಟಗಳ ನೆತ್ತಿಯ ಮೇಲೆ ದಾರಿ ಕಡಿದರು, ಅದು ಅವರ ಹೆಸರಿನಲ್ಲೇ ಉಳಿದಿದೆ. ಕಾವಲಿನ ದಾರಿಗೂ ನಡಿಗೆಯ ದಾರಿಗೂ ಅವಶ್ಯಕತೆಯೇ ಬೇರೆ ಎಂಬುದು ಅಲ್ಲಿನ ಅನುಭವ. ನಮ್ಮಲ್ಲಿ ಗಡಿಯೊಳಗೆ ಕರಡಿಯ ವಾಸವಿರುವುದರಿಂದ ಆ ಪ್ರಶ್ನೆಗೆ ನೆತ್ತಿಯ ದಾರಿ ಉತ್ತರವಾಗಲಾರದು. ಗಡಿಯ ಹೊರಗೇ ನಡೆಯೋಣ ಎಂದು ನಾನು ಪ್ರತಿ ವರ್ಷ ಹೇಳುತ್ತೇನೆ, ಹೇಳುತ್ತಲೇ ಇರುತ್ತೇನೆ.

ಇದೇ ಓದಿನಲ್ಲಿ ಇನ್ನೊಂದು ವಿಷಯ ನನ್ನ ಗಮನಕ್ಕೆ ಬಂತು. ನಮ್ಮ ಹುಡುಗ ತೋರಿಸಿದ್ದ ಅಪಲೇಚಿಯನ್ ದಾರಿ 1921ರಲ್ಲಿ ಬೆಂಟನ್ ಮೆಕಾಯ್ ಬರೆದ ಒಂದು ಲೇಖನದಿಂದ ಹುಟ್ಟಿ 1937ರಲ್ಲಿ ತುದಿಯಿಂದ ತುದಿಗೆ ಪೂರ್ತಿಯಾಯಿತು. ಮರುವರ್ಷದ ಚಂಡಮಾರುತಕ್ಕೆ ಅದು ತುಂಡಾಯಿತು. ಆಮೇಲೆ ಯುದ್ಧಕಾಲದಲ್ಲಿ ಕೆಲಸ ಮಾಡುವವರಿಲ್ಲದೆ ಹಾಳುಬಿತ್ತು. ಮತ್ತೆ ಅಖಂಡವಾಗಲು 1951 ಬರಬೇಕಾಯಿತು. ಆ ಬಿಳಿ ಪಟ್ಟೆಗಳ ಹಿಂದೆ ಮಚ್ಚು, ಗುದ್ದಲಿ ಹಿಡಿದ ಅಷ್ಟು ವರ್ಷಗಳ ಕೈಗಳಿದ್ದವು. ಚಿತ್ರ ನೋಡಿದಾಗ ನಾವು ಪಟ್ಟೆಯನ್ನು ಮಾತ್ರ ನೋಡಿದ್ದೆವು.

ಈಗಿನ ಸ್ಥಿತಿ

ನೋಂದಣಿಯ ಪ್ರಶ್ನೆ ಮೂರನೆಯ ವರ್ಷ ಬಂತು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಏಳು ಜನ ಸಾಕು. ಆದರೆ ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ, ಲೆಕ್ಕಪತ್ರ, ಕಾರ್ಯಕಾರಿ ಸಮಿತಿಯ ಪಟ್ಟಿ ಎಲ್ಲವನ್ನೂ ತಪ್ಪದೆ ಸಲ್ಲಿಸಬೇಕು. ಹಾರೆ, ಚಲಿಕೆಗಳ ಖರ್ಚು ಬಿಟ್ಟರೆ ನಮ್ಮಲ್ಲಿ ಹಣದ ವ್ಯವಹಾರವೇ ಇಲ್ಲದ್ದರಿಂದ ಸದ್ಯಕ್ಕೆ ಬೇಡವೆಂದು ನಿರ್ಧರಿಸಿದೆವು. ಉಪಕರಣಗಳು ಹಟ್ಟಿಯ ಒಂದು ಮನೆಯ ಅಟ್ಟದ ಮೇಲಿವೆ. ಹಟ್ಟಿಯವರಿಗೆ ಬೇಕಾದಾಗ ಅವರೂ ಬಳಸುತ್ತಾರೆ. ಯಾರು ತೆಗೆದುಕೊಂಡರು, ಯಾವಾಗ ತಂದಿಟ್ಟರು ಎಂದು ಬರೆಯುವ ಪುಸ್ತಕ ಒಂದಿದೆ. ನಮ್ಮ ಕೈಯಲ್ಲಿ ಎರಡು ಹಿಡಿ ಮುರಿದಿವೆ, ಅವರ ಕೈಯಲ್ಲಿ ಒಂದೂ ಇಲ್ಲ.

6 ಕಿಲೋಮೀಟರಿನ ಪೈಕಿ ಸುಮಾರು 5 ಕಿಲೋಮೀಟರಿನಲ್ಲಿ ಈಗ ತೊಂದರೆಯಿಲ್ಲದೆ ನಡೆಯಬಹುದು. ಉಳಿದ ಭಾಗದಲ್ಲಿ ಒಂದು ಜಮೀನು ಕೈಬದಲಾಗಿ ಹೊಸ ಮಾಲೀಕರು ತಂತಿಬೇಲಿ ಹಾಕಿಸಿದ್ದಾರೆ. ನಾಲ್ಕು ಸಲ ಹೋಗಿ ಕೇಳಿದ್ದೇವೆ. ಒಪ್ಪಿಗೆ ಸಿಕ್ಕಿಲ್ಲ. ಬೇಲಿಯ ಒಂದು ಮೂಲೆಯಲ್ಲಿ ಕುರಿಗಳಿಗೆ ಗಂಡಿ ಬಿಟ್ಟಿದ್ದಾರೆ, ಆ ಗಂಡಿಯಲ್ಲಿ ನಾವು ನುಸುಳುವುದಿಲ್ಲ. ಅಲ್ಲಿಂದ ಹಿಂದಕ್ಕೆ ಬಂದು, ಹಳ್ಳ ದಾಟಿ, ಡಾಂಬರು ರಸ್ತೆಯ ಅಂಚಿನಲ್ಲಿ ಒಂದೂಕಾಲು ಕಿಲೋಮೀಟರ್ ನಡೆದು ಮತ್ತೆ ಗೋಮಾಳ ಸೇರುತ್ತೇವೆ. ಬಳಗ ಕೈಯಿಂದ ಬರೆದ ನಕಾಶೆಯಲ್ಲಿ ಆ ಸುತ್ತುದಾರಿಯನ್ನು ಉಳಿದ ದಾರಿಯಷ್ಟೇ ದಪ್ಪ ಗೆರೆಯಲ್ಲಿ ಬರೆದಿದ್ದೇವೆ, ಅದರ ಎರಡೂ ತುದಿಗೆ ಮೂರು ಮೂರು ಸುಣ್ಣದ ಕಲ್ಲು ಇಟ್ಟಿದ್ದೇವೆ. ಐದನೆಯ ಸಲ ಕೇಳಲು ಶೇಂಗಾ ಕಿತ್ತ ಮೇಲೆ ಹೋಗಬೇಕೆಂದಿದೆ.